ಸಂತೆಯ ಗುತ್ತಿಗೆ ಮತ್ತು ಟ್ರಸ್ಟಿಯ ಲಾಭ

ಕುಟುಂಬದ ಆಸ್ತಿಯನ್ನು ನಂಬಿಕಸ್ಥರೊಬ್ಬರ ಹೆಸರಿಗೆ ಬರೆದು, ಅದರ ಆದಾಯ ಮಾತ್ರ ಮಕ್ಕಳಿಗೋ ವಿಧವೆಗೋ ಸಲ್ಲುವಂತೆ ಕಟ್ಟುಮಾಡುವ ಏರ್ಪಾಡೇ ಟ್ರಸ್ಟ್. ಆಸ್ತಿಯನ್ನು ಹೊತ್ತವನು ಟ್ರಸ್ಟಿ, ಅದರ ಫಲ ಉಣ್ಣುವವನು ಫಲಾನುಭವಿ. ಇವರ ನಡುವಿನ ವ್ಯಾಜ್ಯಗಳನ್ನು ಇಂಗ್ಲೆಂಡಿನಲ್ಲಿ ಚಾನ್ಸರಿ ನ್ಯಾಯಾಲಯ ವಿಚಾರಿಸುತ್ತಿತ್ತು. ಆದರೆ ಆ ನ್ಯಾಯಾಲಯದ ಮಾಸ್ಟರುಗಳು, ಅಂದರೆ ಕಕ್ಷಿದಾರರ ಠೇವಣಿಯನ್ನು ಕಾಯಬೇಕಿದ್ದ ಅಧಿಕಾರಿಗಳು, ತಮ್ಮ ಹುದ್ದೆಗಳನ್ನೇ ಹಣ ತೆತ್ತು ಪಡೆದವರಾಗಿದ್ದರು. ಅವರಲ್ಲಿ ಕೆಲವರು ಆ ಠೇವಣಿಯನ್ನು ಸೌತ್ ಸೀ ಕಂಪನಿಯ ಷೇರುಗಳ ಮೇಲೆ ಹೂಡಿ 1720ರ ಕುಸಿತದಲ್ಲಿ ಕಳೆದರು. ಹುದ್ದೆ ಮಾರಿದ ಲಾರ್ಡ್ ಚಾನ್ಸಲರ್ ಮ್ಯಾಕ್ಲ್ಸ್‌ಫೀಲ್ಡ್‌ಗೆ 1725ರಲ್ಲಿ ಸಂಸತ್ತು 30,000 ಪೌಂಡ್ ದಂಡ ವಿಧಿಸಿತು.

ಆತನ ಸ್ಥಾನಕ್ಕೆ ಬಂದ ಲಾರ್ಡ್ ಕಿಂಗ್ ಮುಂದೆ 1726ರಲ್ಲಿ ಕೀಚ್ ಮತ್ತು ಸ್ಯಾಂಡ್‌ಫರ್ಡ್ ನಡುವಿನ ದಾವೆ ಬಂದಿತು. ಲಂಡನ್ನಿಗೆ ಸಮೀಪದ ರಾಮ್‌ಫರ್ಡ್ ಸಂತೆಯ ಉತ್ಪನ್ನದ ಗುತ್ತಿಗೆಯನ್ನು ಟ್ರಸ್ಟಿಯೊಬ್ಬ ಅಪ್ರಾಪ್ತ ವಯಸ್ಸಿನ ಮಗುವಿನ ಪರವಾಗಿ ಹೊಂದಿದ್ದನು. ಅವಧಿ ಮುಗಿಯುವ ಹೊತ್ತಿಗೆ ಮಗುವಿನ ಹೆಸರಿನಲ್ಲೇ ಅದನ್ನು ನವೀಕರಿಸಲು ಕೋರಿದಾಗ ಒಡೆಯ ಒಪ್ಪಲಿಲ್ಲ. ಸಂತೆಯ ಆದಾಯವು ಭೂಮಿಯಲ್ಲವಾದ್ದರಿಂದ ಬಾಕಿ ಬಿದ್ದರೆ ಜಪ್ತಿಗೆ ದಾರಿಯಿರಲಿಲ್ಲ, ಕರಾರಿನಿಂದ ಮಗುವನ್ನು ಕಟ್ಟಿಹಾಕುವಂತೆಯೂ ಇರಲಿಲ್ಲ. ಆಗ ಟ್ರಸ್ಟಿ ತನ್ನ ಹೆಸರಿಗೇ ಗುತ್ತಿಗೆ ಪಡೆದನು. ಮೋಸವೇನೂ ಕಾಣದಿದ್ದರೂ, ಜಗತ್ತಿನಲ್ಲಿ ಬೇರೆ ಯಾರು ಬೇಕಾದರೂ ಪಡೆಯಬಹುದಾಗಿದ್ದ ಆ ಗುತ್ತಿಗೆ ಅವನೊಬ್ಬನಿಗೆ ಮಾತ್ರ ಸಲ್ಲದೆಂದು ನ್ಯಾಯಾಧೀಶರು ಹೇಳಿ, ಅದನ್ನೂ ಬಂದ ಲಾಭವನ್ನೂ ಮಗುವಿಗೆ ಒಪ್ಪಿಸಲು ಆಜ್ಞಾಪಿಸಿದರು. ಹಿಂದಿನ ವರ್ಷದ ಹಗರಣವನ್ನು ತೀರ್ಪು ಹೆಸರಿಸುವುದಿಲ್ಲ. ಆದರೂ ಈ ಬಿಗಿ ನಿಲುವಿನ ಹಿಂದೆ ಅದರ ನೆರಳಿತ್ತೆಂದು ಊಹಿಸುವುದು ಅಸಂಗತವಾಗದು. ಟ್ರಸ್ಟಿ ನಿಜವಾಗಿ ಯತ್ನಿಸಿ ಸೋತನೋ, ಲಾಭದ ಆಸೆಯಿಂದ ಸೋತಂತೆ ನಟಿಸಿದನೋ ಎಂಬುದನ್ನು ಹೊರಗಿನವರು ಅಳೆಯಲಾಗದ ಕಾರಣ, ಪ್ರಾಮಾಣಿಕನಿಗೂ ಅದೇ ನಿಯಮ ಅನ್ವಯಿಸಿತು.

1882ರ ಭಾರತೀಯ ಟ್ರಸ್ಟುಗಳ ಅಧಿನಿಯಮವೂ ಟ್ರಸ್ಟಿಯು ಟ್ರಸ್ಟಿನ ಸ್ವತ್ತನ್ನು ಸ್ವಂತ ಲಾಭಕ್ಕೆ ಬಳಸುವುದನ್ನು 51ನೆಯ ಕಲಮಿನಲ್ಲಿ ನಿಷೇಧಿಸಿತು. ಇಂಗ್ಲೆಂಡಿನಲ್ಲಿ ಈ ನಿಯಮದ ಕಾಠಿಣ್ಯ ಹೆಚ್ಚು ಚರ್ಚೆಗೆ ಬಂದದ್ದು 1966ರಲ್ಲಿ. ಫಿಪ್ಸ್ ಕುಟುಂಬದ ಟ್ರಸ್ಟಿನ ವಕೀಲರು ಫಲಾನುಭವಿಯೊಬ್ಬರ ಜೊತೆಗೂಡಿ, ಟ್ರಸ್ಟ್ ಷೇರು ಹೊಂದಿದ್ದ ಕಂಪನಿಯ ಇತರ ಷೇರುಗಳನ್ನು ಸ್ವಂತ ಹಣದಿಂದ ಕೊಂಡು ಕಂಪನಿಯನ್ನು ಸರಿಪಡಿಸಿದ್ದರಿಂದ ಟ್ರಸ್ಟ್‌ಗೂ ಲಾಭವಾಗಿತ್ತು. ಆದರೂ ಅವರ ಗಳಿಕೆ ಟ್ರಸ್ಟ್‌ಗೆ ಸೇರಬೇಕೆಂದು ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಾಧೀಶರಲ್ಲಿ ಮೂವರು ತೀರ್ಮಾನಿಸಿದರು. ದುಡಿಮೆಗೆ ಮಾತ್ರ ಧಾರಾಳವಾದ ಸಂಭಾವನೆ ಸಲ್ಲಬೇಕೆಂದರು.