ಮೊಣಕಾಲಿನ ಮುಂದಿನ ಅಂಗುಲಗಳು

ಶಾಲಾ ಪ್ರವಾಸದಲ್ಲಿ ಧರ್ಮಸ್ಥಳಕ್ಕೆ ಹೋದವರು ಸಾಮಾನ್ಯವಾಗಿ ಅಲ್ಲಿನ ಹಳೆಯ ವಾಹನಗಳ ಸಂಗ್ರಹಾಲಯವನ್ನೂ ನೋಡಿ ಬರುತ್ತಾರೆ. ಮುಂದಿನ ಸಲ ಹೋದಾಗ ಎಂಜಿನ್, ದೀಪ, ಹಾರ್ನುಗಳ ಜೊತೆಗೆ ಇನ್ನೊಂದನ್ನೂ ಗಮನಿಸಿ. ಹಿಂದಿನ ಸೀಟಿನಲ್ಲಿ ಕೂರುವವರ ಮೊಣಕಾಲಿಗೆ ಎಷ್ಟು ಜಾಗ ಬಿಟ್ಟಿದ್ದಾರೆ? ಆಮೇಲೆ ನಿಮ್ಮನ್ನು ಕರೆತಂದ ಬಸ್ಸಿನಲ್ಲೂ ಇದೇ ಪ್ರಶ್ನೆ ಕೇಳಿ. ಚಕ್ರದ ಮೇಲೆ ಬರುವ ಸೀಟಿನಲ್ಲಿ ಕಾಲು ಮಡಚಿಕೊಂಡೇ ಘಾಟಿ ಇಳಿಯಬೇಕು. ಬಾಗಿಲಿನ ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಕಾಲು ಚಾಚಲು ಧಾರಾಳ ಜಾಗ. ಬಸ್ಸಿನ ಮೈ ಕಟ್ಟಿದವರು ಇದನ್ನು ಪಕ್ಷಪಾತದಿಂದ ಮಾಡಿದ್ದಲ್ಲ. ಚಕ್ರ ಮತ್ತು ಬಾಗಿಲುಗಳ ಸ್ಥಾನ ಮೊದಲೇ ನಿಗದಿಯಾಗಿರುತ್ತದೆ, ಸೀಟುಗಳನ್ನು ಆಮೇಲೆ ಹೊಂದಿಸುತ್ತಾರೆ. ಕದಲದ ವಸ್ತುಗಳ ನಡುವೆ ಕದಲಿಸಬಹುದಾದವನ್ನು ಕೂರಿಸುವಾಗ ಒಂದೆಡೆ ಕೆಲವು ಅಂಗುಲ ಉಳಿಯುತ್ತದೆ, ಇನ್ನೊಂದೆಡೆ ಸಾಲದೆ ಹೋಗುತ್ತದೆ.

ವಿಮಾನದ ಕತೆಯೂ ಇದೇ. ಹಳೆಯ ವಿಮಾನದ ಒಳಾಂಗಣವನ್ನು ಬಿಚ್ಚಿ ಹೊಸ ಆಸನಗಳನ್ನು ಜೋಡಿಸಿದಾಗ ಕೆಲವು ಸಾಲುಗಳಲ್ಲಿ ಕಾಲಿಗೆ ಹೆಚ್ಚು ಜಾಗ ಸಿಗುತ್ತದೆ. ಇಂದು ಆ ಸಾಲುಗಳಿಗೆ ಪ್ರತ್ಯೇಕ ದರ ಕೊಟ್ಟು ಆಸನ ಆರಿಸಿಕೊಳ್ಳುತ್ತೇವೆ. ಈ ಅಂಗುಲಗಳ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವಿದೆ.

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ, ಆ ಕಾರ್ಖಾನೆ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಯುದ್ಧ ಮುಗಿದಾಗ ಭಾರತದಲ್ಲಿ ಡಕೋಟಾ ವಿಮಾನಗಳು ದೊಡ್ಡ ಸಂಖ್ಯೆಯಲ್ಲಿ ಉಳಿದವು. ಹೊಸದಾಗಿ ಹುಟ್ಟುತ್ತಿದ್ದ ವಿಮಾನ ಕಂಪನಿಗಳಿಗೆ ಇವು ಅಗ್ಗದ ಸರಕು. ಆದರೆ ಸೈನ್ಯದ ಡಕೋಟಾದಲ್ಲಿ ಹಣ ತೆತ್ತ ಪ್ರಯಾಣಿಕರನ್ನು ಕೂರಿಸುವುದು ಹೇಗೆ? ಅದರೊಳಗೆ ಎರಡೂ ಗೋಡೆಗಳ ಉದ್ದಕ್ಕೆ ಮಡಚುವ ಲೋಹದ ಬೆಂಚುಗಳಿದ್ದವು. ಸೈನಿಕರು ಅವುಗಳ ಮೇಲೆ ಮುಖಾಮುಖಿಯಾಗಿ ಕೂರುತ್ತಿದ್ದರು. ಸರಕು ತುಂಬಲು ಅಗಲವಾದ ಬಾಗಿಲು, ಭಾರ ಹೊರಲು ಗಟ್ಟಿಗೊಳಿಸಿದ ನೆಲ. ಬೆಂಗಳೂರಿನ ಕಾರ್ಖಾನೆ ಇಂಥ ವಿಮಾನಗಳನ್ನು ನವೀಕರಿಸಿ, ಸಾಲು ಸಾಲಾಗಿ ಆಸನ ಹಾಕಿ ನಾಗರಿಕ ಸೇವೆಗೆ ಸಿದ್ಧಪಡಿಸಿತು. ಅದೇ ಕಾರ್ಖಾನೆ ಆ ವರ್ಷಗಳಲ್ಲಿ ರೈಲು ಬೋಗಿಗಳನ್ನೂ ಕಟ್ಟುತ್ತಿತ್ತು. ಆ ಬೋಗಿ ವಿಭಾಗವೇ ಮುಂದೆ 1964ರಲ್ಲಿ ಹುಟ್ಟಿದ ಬಿ.ಇ.ಎಂ.ಎಲ್. ಸಂಸ್ಥೆಗೆ ಸೇರಿತು.

ಡಕೋಟಾದ ಮೂಲರೂಪವಾದ ಡಿಸಿ-3 ಹುಟ್ಟಿದ್ದೇ ಕಾಲು ಚಾಚುವ ಪ್ರಶ್ನೆಯಿಂದ. 1930ರ ದಶಕದಲ್ಲಿ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಹಾರಲು ರಾತ್ರಿಯಿಡೀ ಬೇಕಾಗುತ್ತಿತ್ತು. ಪ್ರಯಾಣಿಕರು ಮಲಗಿ ಹೋಗುವಂಥ ವಿಮಾನ ಬೇಕೆಂದು ಅಮೆರಿಕನ್ ಏರ್‌ಲೈನ್ಸ್‌ನ ಸಿ.ಆರ್. ಸ್ಮಿತ್ ಅವರು ಡೊನಾಲ್ಡ್ ಡಗ್ಲಸ್ ಅವರನ್ನು ಒತ್ತಾಯಿಸಿದರು. ಆಗಿದ್ದ ಡಿಸಿ-2 ವಿಮಾನದ ಒಳ ಅಗಲ ಸುಮಾರು 66 ಅಂಗುಲ. ಅದರಲ್ಲಿ ಮಂಚ ಹಿಡಿಸುವುದಿಲ್ಲ. ಹಾಗಾಗಿ ಒಡಲನ್ನು ಸುಮಾರು 92 ಅಂಗುಲಕ್ಕೆ ಹಿಗ್ಗಿಸಿ 14 ಮಲಗುವ ಸ್ಥಾನಗಳಿರುವ ವಿಮಾನವನ್ನು ಕಟ್ಟಿದರು. ಅದು ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಮಂಚ ತೆಗೆದು ಕುರ್ಚಿ ಹಾಕಿ ನೋಡಿದಾಗ ಲಾಭದ ಲೆಕ್ಕ ಕಣ್ಣಿಗೆ ಬಿತ್ತು. ಡಿಸಿ-2ರಲ್ಲಿ ಸಾಲಿಗೆ 2ರಂತೆ 7 ಸಾಲು, ಒಟ್ಟು 14 ಜನ. ಹಿಗ್ಗಿಸಿದ ಒಡಲಿನಲ್ಲಿ ಸಾಲಿಗೆ 3, ಒಟ್ಟು 21. ಮುಂದೆ ಸಾಲಿಗೆ 4ರಂತೆ 28 ಜನರನ್ನು ಕೂರಿಸಿದ್ದೂ ಉಂಟು. ಮಲಗುವವರಿಗೆಂದು ಮಾಡಿದ ಜಾಗವನ್ನು ಕೂರುವವರ ಸಂಖ್ಯೆ ನುಂಗಿತು! ವಿಮಾನ ಪ್ರಯಾಣದಲ್ಲಿ ಈ ಆಟ ಅಂದಿನಿಂದಲೂ ನಡೆದಿದೆ.

ಧರ್ಮಸ್ಥಳದಿಂದ ಬೆಳ್ತಂಗಡಿ, ಬಂಟ್ವಾಳಗಳ ಮೇಲೆ ಸುಮಾರು 75 ಕಿ.ಮೀ. ಸಾಗಿದರೆ ಮಂಗಳೂರು. ಅಲ್ಲಿನ ಬಜ್ಪೆ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 1951ರ ಡಿಸೆಂಬರ್ 25ರಂದು. ಅಂದು ಪ್ರಧಾನಿ ನೆಹರೂ ಬಂದಿಳಿದದ್ದು ಇದೇ ಡಿಸಿ-3 ಜಾತಿಯ ವಿಮಾನದಲ್ಲಿ. 1953ರಲ್ಲಿ ಖಾಸಗಿ ಕಂಪನಿಗಳನ್ನು ಒಂದುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಆರಂಭಿಸಿದಾಗ ಅದರ ಕೈಗೆ ಬಂದ 99 ವಿಮಾನಗಳಲ್ಲಿ 74 ಡಿಸಿ-3ಗಳೇ ಆಗಿದ್ದವು.

ಈಗ ಸ್ವಲ್ಪ ಲೆಕ್ಕಕ್ಕೆ ಬರೋಣ. ಒಂದು ಆಸನದ ಯಾವುದಾದರೂ ಬಿಂದುವಿನಿಂದ ಮುಂದಿನ ಆಸನದ ಅದೇ ಬಿಂದುವಿಗೆ ಇರುವ ದೂರಕ್ಕೆ ‘ಪಿಚ್’ ಎನ್ನುತ್ತಾರೆ. ವಿಮಾನದ ನೆಲದಲ್ಲಿ ಉದ್ದಕ್ಕೆ ಲೋಹದ ಹಳಿಗಳಿದ್ದು, ಅವುಗಳಲ್ಲಿ ಒಂದೊಂದು ಅಂಗುಲಕ್ಕೆ ಒಂದರಂತೆ ಕಚ್ಚುಗಳಿರುತ್ತವೆ. ಆಸನದ ಕಾಲು ಈ ಕಚ್ಚಿಗೆ ಕೂರುವುದರಿಂದ ಪಿಚ್ ಸಾಮಾನ್ಯವಾಗಿ ಅಂಗುಲದ ಲೆಕ್ಕದಲ್ಲೇ ಬದಲಾಗುತ್ತದೆ. ಸಾಲಿಗೆ 6ರಂತೆ 30 ಸಾಲು, 180 ಆಸನಗಳಿರುವ ವಿಮಾನವನ್ನು ಊಹಿಸಿಕೊಳ್ಳಿ. 2003ರಲ್ಲಿ ಬೆಂಗಳೂರಿನಿಂದ ಆರಂಭವಾಗಿ ಕಡಿಮೆ ದರಕ್ಕೆ ಹೆಸರಾಗಿದ್ದ ಏರ್ ಡೆಕ್ಕನ್ ತನ್ನ ಏರ್‌ಬಸ್ ಎ320ಗಳಲ್ಲಿ ಇಷ್ಟೇ ಜನರನ್ನು ಕೂರಿಸುತ್ತಿತ್ತು. ಪಿಚ್ 30 ಅಂಗುಲವಾದರೆ ಬೇಕಾದ ಉದ್ದ 900 ಅಂಗುಲ. ಪ್ರತಿ ಸಾಲಿನಿಂದ ಒಂದೇ ಅಂಗುಲ ಕಿತ್ತರೆ 31 ಸಾಲಿಗೆ 899 ಅಂಗುಲ ಸಾಕು. ಆರು ಟಿಕೆಟ್ ಹೆಚ್ಚು, ಅದೂ ಪ್ರತಿ ಹಾರಾಟದಲ್ಲಿ!

ಆದರೆ ಪಿಚ್ ಎಂದರೆ ಕಾಲಿಗೆ ಸಿಗುವ ಜಾಗವಲ್ಲ. ಮುಂದಿನ ಆಸನದ ಬೆನ್ನಿನ ದಪ್ಪವನ್ನು ಅದರಿಂದ ಕಳೆಯಬೇಕು. ತೆಳುಬೆನ್ನಿನ ಹೊಸ ಆಸನದಲ್ಲಿ 29 ಅಂಗುಲ ಪಿಚ್ ಇದ್ದರೂ ದಪ್ಪಬೆನ್ನಿನ ಹಳೆಯ ಆಸನದ 30 ಅಂಗುಲಕ್ಕಿಂತ ಹೆಚ್ಚು ಜಾಗ ಸಿಗಬಹುದು. ಮೆತ್ತೆ ಮಾತ್ರ ತೆಳ್ಳಗಾಗಿರುತ್ತದೆ. ನಿಮ್ಮ ಅಗತ್ಯವೇನೆಂದು ತಿಳಿಯಲು ತರಗತಿಯಲ್ಲೇ ಪ್ರಯೋಗ ಮಾಡಬಹುದು. ವಿದ್ಯಾರ್ಥಿಯನ್ನು ಗೋಡೆಗೆ ಬೆನ್ನು ತಾಗಿಸಿ ಸ್ಟೂಲಿನ ಮೇಲೆ ಕೂರಿಸಿ, ಗೋಡೆಯಿಂದ ಮೊಣಕಾಲಿನ ತುದಿಯವರೆಗೆ ಅಳೆಯಿರಿ. ಎತ್ತರ ಒಂದೇ ಇದ್ದವರಲ್ಲೂ ಈ ಅಳತೆ ಬೇರೆ ಬೇರೆ ಬರುವುದನ್ನು ಕಾಣುವಿರಿ. ಭಾರತೀಯರ ಇಂಥ ದೇಹದ ಅಳತೆಗಳನ್ನು ದೇಬ್‌ಕುಮಾರ್ ಚಕ್ರಬರ್ತಿ ಅವರು ಸಂಗ್ರಹಿಸಿದ್ದು, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪುಸ್ತಕವಾಗಿ ಪ್ರಕಟಿಸಿತು. ಬ್ರಿಟನ್ 1989ರಲ್ಲೇ ಒಂದು ಕನಿಷ್ಠ ಮಿತಿ ಹಾಕಿತು: ಬೆನ್ನಿನ ಮೆತ್ತೆಯಿಂದ ಮುಂದಿನ ಆಸನದ ಹಿಂಬದಿಗೆ 26 ಅಂಗುಲ, ಅಂದರೆ ಸುಮಾರು 66 ಸೆಂ.ಮೀ. ಇದು ಸುಖಕ್ಕಾಗಿ ಹಾಕಿದ್ದಲ್ಲ. ಅಪಾಯದಲ್ಲಿ ಎದ್ದು ಹೊರಬರಲು ಸಾಧ್ಯವಾಗಲೆಂದು.

ಕಿಟಕಿ ಪಕ್ಕದ ಆಸನ ಆರಿಸಿ, ಹೋಗಿ ಕೂತಾಗ ಬರೀ ಗೋಡೆ ಕಂಡಿದ್ದೀರಾ? ಕಾರಣ ಸರಳ. ವಿಮಾನದ ಒಡಲು ಪಕ್ಕೆಲುಬುಗಳಂಥ ಚೌಕಟ್ಟುಗಳಿಂದ ಆಗಿದೆ. ಬೋಯಿಂಗ್ 737ರಲ್ಲಿ ಇವುಗಳ ಅಂತರ 20 ಅಂಗುಲ, ಎ320ರಲ್ಲಿ ಸುಮಾರು 21. ಕಿಟಕಿಗಳು ಈ ಚೌಕಟ್ಟುಗಳ ನಡುವೆಯೇ ಬರಬೇಕು. 737ರಲ್ಲಿ ಪಿಚ್ 30 ಅಂಗುಲವಾದರೆ ಪ್ರತಿ ಎರಡು ಸಾಲಿಗೆ ಮೂರು ಕಿಟಕಿ ಸರಿಹೊಂದುತ್ತವೆ, ಏಕೆಂದರೆ 20 ಮತ್ತು 30ರ ಲ.ಸಾ.ಅ. 60. ಪಿಚ್ 29ಕ್ಕೆ ಇಳಿದರೆ ಲ.ಸಾ.ಅ. 580, ಇಪ್ಪತ್ತು ಸಾಲು ದಾಟಿದ ಮೇಲೆಯೇ ಅದೇ ಹೊಂದಾಣಿಕೆ ಮರಳುವುದು! ಲ.ಸಾ.ಅ. ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಿಟಕಿಯಂತೆ ತುರ್ತು ದ್ವಾರಗಳೂ ಕದಲುವುದಿಲ್ಲ. ರೆಕ್ಕೆಯ ಮೇಲೆ ತೆರೆಯುವ ದ್ವಾರದ ಬಳಿ ಹೆಚ್ಚು ಜಾಗ ಬಂದದ್ದರ ಹಿಂದೆ ಒಂದು ದುರಂತವಿದೆ. 1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರಿನಲ್ಲಿ ಬ್ರಿಟಿಷ್ ಏರ್‌ಟೂರ್ಸ್‌ನ ಬೋಯಿಂಗ್ 737 ಹಾರಲು ಓಡುತ್ತಿದ್ದಾಗ ಎಂಜಿನ್ನಿಗೆ ಬೆಂಕಿ ಹತ್ತಿತು. ವಿಮಾನ ನೆಲ ಬಿಟ್ಟಿರಲಿಲ್ಲ, ನಿಲ್ಲಿಸಿದ್ದೂ ಆಯಿತು. ಆದರೂ 55 ಮಂದಿ ಸತ್ತರು, ಹೆಚ್ಚಿನವರು ಹೊಗೆಯಿಂದ. ರೆಕ್ಕೆಯ ಮೇಲಿನ ದ್ವಾರದ ಮುಚ್ಚಳ 20 ಕಿ.ಗ್ರಾಂ.ಗೂ ಹೆಚ್ಚು ತೂಗುತ್ತಿತ್ತು. ಅದನ್ನು ಒಳಕ್ಕೆ ಎಳೆದು ತೆಗೆಯಬೇಕು, ತೆಗೆದ ಮೇಲೆ ಇಡಲು ಜಾಗವಿಲ್ಲ, ದ್ವಾರಕ್ಕೆ ಹೋಗುವ ದಾರಿ ಇಕ್ಕಟ್ಟು. ಬಳಿಕ ಬ್ರಿಟನ್ನಿನಲ್ಲಿ ದ್ವಾರದ ಪಕ್ಕದ ಆಸನವನ್ನು ತೆಗೆಯಬೇಕು ಇಲ್ಲವೇ ಸಾಲಿನ ಅಂತರ ಹೆಚ್ಚಿಸಬೇಕು ಎಂಬ ನಿಯಮ ಬಂತು. ಕ್ರ್ಯಾನ್‌ಫೀಲ್ಡ್‌ನ ಹೆಲೆನ್ ಮ್ಯೂರ್ ಅವರು ಹಳೆಯ ಟ್ರೈಡೆಂಟ್ ವಿಮಾನದಲ್ಲಿ ಸ್ವಯಂಸೇವಕರನ್ನು ಕೂರಿಸಿ ಪ್ರಯೋಗ ನಡೆಸಿದರು. ಮೊದಲು ಹೊರಬಂದ ಅರ್ಧ ಜನರಿಗೆ ತಲಾ 5 ಪೌಂಡ್ ಬಹುಮಾನ! ನಿಜವಾದ ನೂಕುನುಗ್ಗಲು ಸೃಷ್ಟಿಸಲು ಅಷ್ಟೇ ಸಾಕಾಯಿತು. ದಾರಿ ಕಿರಿದಾದ ಕಡೆ ಜನ ಒಬ್ಬರಿಗೊಬ್ಬರು ಸಿಕ್ಕಿಕೊಂಡು ದ್ವಾರವೇ ಕಟ್ಟಿಹೋಯಿತು.

ಹೀಗೆ ಪ್ರಾಣ ಉಳಿಸಲೆಂದು ಬಿಟ್ಟ ಅಂಗುಲಗಳನ್ನೇ ಇಂದು ಆರಾಮದ ಹೆಸರಿನಲ್ಲಿ ಮಾರುತ್ತಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ, ಕೊಳ್ಳುವವರಿಗೆ ಅದರ ಜವಾಬ್ದಾರಿ ತಿಳಿದಿದ್ದರೆ ಸಾಕು. ತುರ್ತು ಬಂದರೆ ಆ ದ್ವಾರವನ್ನು ತೆರೆಯಬೇಕಾದವರು ಅಲ್ಲಿ ಕುಳಿತವರೇ. ಅದಕ್ಕೆಂದೇ ಮಕ್ಕಳು, ಗರ್ಭಿಣಿಯರು, ಕೂಸನ್ನು ಎತ್ತಿಕೊಂಡವರು, ಇನ್ನೊಬ್ಬರ ನೆರವು ಬೇಕಾದವರು ಅಲ್ಲಿ ಕೂರುವಂತಿಲ್ಲ. ಹಾಗೆಂದು ಈ ಸಾಲು ರಕ್ಷಣೆಯ ಖಾತರಿಯೂ ಅಲ್ಲ. 2010ರ ಮೇ 22ರಂದು ಬಜ್ಪೆಯಲ್ಲಿ 737 ವಿಮಾನ ರನ್‌ವೇ ದಾಟಿ ಕಂದಕಕ್ಕೆ ಬಿದ್ದಾಗ 166 ಮಂದಿಯಲ್ಲಿ ಬದುಕಿದ್ದು 8 ಮಂದಿ. ಅವರಲ್ಲಿ ಹೆಚ್ಚಿನವರು ಹೊರಬಂದದ್ದು ದ್ವಾರದಿಂದಲ್ಲ, ಒಡಲು ಸೀಳಿದ ಜಾಗದಿಂದ.

2024ರ ಸೆಪ್ಟೆಂಬರಿನಲ್ಲಿ ಏರ್ ಇಂಡಿಯಾ ತನ್ನ 27 ಎ320 ನಿಯೋ ವಿಮಾನಗಳ ಒಳಾಂಗಣ ಬದಲಿಸುವ ಕೆಲಸ ಆರಂಭಿಸಿತು. ಹೊಸ ಜೋಡಣೆಯಲ್ಲಿ ಬಿಸಿನೆಸ್ 8, ಪ್ರೀಮಿಯಂ ಎಕಾನಮಿ 24, ಎಕಾನಮಿ 132 ಆಸನಗಳು. ಇಂಥ ಬದಲಾವಣೆ ನಡೆಯುವ ಅವಧಿಯಲ್ಲಿ ಹಳೆಯ ಮತ್ತು ಹೊಸ ಜೋಡಣೆಯ ವಿಮಾನಗಳು ಒಟ್ಟಿಗೇ ಹಾರುತ್ತಿರುತ್ತವೆ. ಒಂದರಲ್ಲಿ ಚೆನ್ನಾಗಿದ್ದ ಸಾಲಿನ ಸಂಖ್ಯೆ ಇನ್ನೊಂದರಲ್ಲಿ ಬೇರೆಲ್ಲೋ ಬಂದಿರಬಹುದು. ಆದ್ದರಿಂದ ಸಾಲಿನ ಸಂಖ್ಯೆ ನೆನಪಿಟ್ಟುಕೊಳ್ಳುವ ಬದಲು ನಕ್ಷೆಯಲ್ಲಿ ಕದಲದ ವಸ್ತುಗಳು ಎಲ್ಲಿವೆ ಎಂದು ನೋಡಿ. ಮುಂದಿನ ಅಡ್ಡಗೋಡೆಯ ಹಿಂದಿನ ಸಾಲಿನಲ್ಲಿ ಮೊಣಕಾಲಿಗೆ ಜಾಗ ಉಂಟು, ಆದರೆ ಚೀಲ ಇಡಲು ಮುಂದೆ ಆಸನವಿಲ್ಲ, ಊಟದ ಹಲಗೆ ತೋಳಿನೊಳಗೆ ಇರುವುದರಿಂದ ಆಸನದ ಅಗಲ ತುಸು ಕಡಿಮೆ. ರೆಕ್ಕೆಯ ಮೇಲೆ ಎರಡು ತುರ್ತು ದ್ವಾರಗಳಿರುವ ವಿಮಾನಗಳಲ್ಲಿ ಸಾಮಾನ್ಯವಾಗಿ ಮೊದಲ ದ್ವಾರದ ಸಾಲಿನ ಬೆನ್ನು ಹಿಂದಕ್ಕೆ ವಾಲುವುದಿಲ್ಲ, ವಾಲಿದರೆ ಹಿಂದಿನ ದ್ವಾರದ ದಾರಿ ಮುಚ್ಚುತ್ತದೆ. ಉದ್ದಕಾಲಿನವರು ಎರಡನೆಯ ದ್ವಾರದ ಸಾಲನ್ನು ಕೇಳಿ ಪಡೆಯುವುದು ಮೇಲು.