ಗಣಿಯ ತಳದಿಂದ ಜೇಬಿಗೆ

ಮೊಬೈಲಿನ ಕ್ಯಾಮೆರಾ ಕಣ್ಣಿಗೆ ಕಪ್ಪು ಟೇಪು ಅಂಟಿಸಿಬಿಟ್ಟರೆ ಅದಕ್ಕಿನ್ನೇನೂ ಕಾಣಲ್ಲ ಅಂತ ಅಂದುಕೊಳ್ಳುತ್ತೇವೆ. ಕಾಣುತ್ತದೆ. ಆಕಾಶದಿಂದ ಮ್ಯೂಆನ್ ಅನ್ನುವ ಕಣಗಳು ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತವೆ, ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು. ಮನೆಯ ಛಾವಣಿ, ಟೇಪು, ನಮ್ಮ ತಲೆ, ಯಾವುದೂ ಅವಕ್ಕೆ ಅಡ್ಡಿಯಿಲ್ಲ. ಕ್ಯಾಮೆರಾದೊಳಗಿನ ಚಿಪ್ಪನ್ನು ಅಂಥದ್ದೊಂದು ಹಾಯ್ದುಹೋದರೆ ಕತ್ತಲೆಯ ಚಿತ್ರದಲ್ಲಿ ನಾಲ್ಕಾರು ಚುಕ್ಕಿ ಬೆಳಗುತ್ತವೆ. ಅಮೆರಿಕದ ಎರಡು ತಂಡಗಳು ಇದನ್ನೇ ಹಿಡಿದು ಆ್ಯಪ್ ಮಾಡಿದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು ಡೆಕೊ, ಕ್ಯಾಲಿಫೋರ್ನಿಯಾದವರದು ಕ್ರೇಫಿಸ್.

ಇದನ್ನು ಓದಿದ ಕೂಡಲೇ ನನ್ನ ತಲೆ ಹೋಗಿದ್ದು ಚಾಂಪಿಯನ್ ರೀಫಿಗೆ. ಕೆಜಿಎಫ್ ಅಂದರೆ ಈಗಿನ ಹುಡುಗರಿಗೆ ಸಿನಿಮಾ, ಸ್ವಲ್ಪ ಹಳಬರಿಗೆ ಚಿನ್ನ. ಇದೇ ಮ್ಯೂಆನ್‌ಗಳನ್ನು ಎಣಿಸೋದಕ್ಕೆ ಅಂತ ಜನ ಆ ಗಣಿಗೆ ಯಂತ್ರ ಹೊತ್ತುಕೊಂಡು ಇಳಿದಿದ್ದರು ಅನ್ನೋದು ಊರಿನವರಿಗೇ ಅಷ್ಟಾಗಿ ಗೊತ್ತಿಲ್ಲ.

1951ರ ಸುಮಾರಿಗೆ ಹೋಮಿ ಭಾಭಾ ತಮ್ಮ ಸಂಸ್ಥೆಯ ತರುಣ ಬಿ.ವಿ. ಶ್ರೀಕಂಠನ್ ಅವರನ್ನು ಇಲ್ಲಿಗೆ ಕಳಿಸಿದರು. ಶ್ರೀಕಂಠನ್ ನಂಜನಗೂಡಿನವರು. ಆಳಕ್ಕೆ ಹೋದಂತೆ ಮ್ಯೂಆನ್ ಎಷ್ಟು ಕಮ್ಮಿಯಾಗುತ್ತದೆ ಅಂತ ಅಳೆಯುವುದು ಕೆಲಸ. ಇಳಿದರು, ಅಳೆದರು, ಇನ್ನೂ ಇಳಿದರು. 60ರ ದಶಕದ ಆರಂಭದಲ್ಲಿ ಎರಡೂಮುಕ್ಕಾಲು ಕಿಲೋಮೀಟರ್ ಆಳದಲ್ಲಿ ಇಟ್ಟ ಯಂತ್ರ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ಕಾಣಲಿಲ್ಲ. ಬೇರೆಯವರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರು ತಿರುಗಿಸಿ ಯೋಚಿಸಿದರು. ಇಷ್ಟು ನಿಶ್ಶಬ್ದವಾದ ಜಾಗ ಸಿಕ್ಕಿದೆ, ಇಲ್ಲಿ ನ್ಯೂಟ್ರಿನೊ ಹುಡುಕಬಹುದಲ್ಲ ಅಂತ. ಮುಂಬೈಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ಮೂರೂ ಕಡೆಯವರು ಸೇರಿ ಹೀತ್‌ಕೋಟ್ ಶಾಫ್ಟಿನಲ್ಲಿ 2.3 ಕಿ.ಮೀ. ಕೆಳಗೆ ಯಂತ್ರ ಹೂಡಿದರು. ಕಣ ಹಾಯ್ದಾಗ ನಿಯಾನ್ ಕೊಳವೆಗಳು ಮಿನುಗಬೇಕು, ಕ್ಯಾಮೆರಾ ಅದರ ಫೋಟೋ ತೆಗೆಯಬೇಕು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಸಿಕ್ಕಿದ ವರದಿ 1965ರ ಆಗಸ್ಟ್‌ನಲ್ಲಿ ಅಚ್ಚಾಯಿತು. ಅದೇ ತಿಂಗಳ ಕೊನೆಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಿಂದ ರೈನೆಸ್ ತಂಡದ ವರದಿಯೂ ಬಂತು. ಆಮೇಲೆ ಪ್ರೋಟಾನ್ ಸಾಯುತ್ತದೆಯೋ ಅಂತ ಕಾದು ನೋಡಲು 140 ಟನ್ನಿನ ಯಂತ್ರ ಕೂಡ ಅದೇ ಕತ್ತಲೆಯಲ್ಲಿ ಕೂತಿತ್ತು. 1992ರ ಹೊತ್ತಿಗೆ ಆ ಪ್ರಯೋಗಗಳೆಲ್ಲ ನಿಂತವು.

ಟೇಪು ಅಂಟಿಸಿದ ಮೊಬೈಲು ಈ ಸಾಹಸಕ್ಕೆ ಸಮ ಅಂತ ಹೇಳ್ತಾ ಇಲ್ಲ. ಕ್ಯಾಮೆರಾದ ಚಿಪ್ಪು ಉಗುರಿಗಿಂತ ಚಿಕ್ಕದು, ಬ್ಯಾಟರಿ ಬೇಗ ಮುಗಿಯುತ್ತೆ. ಮೇಲಾಗಿ ಚಾಂಪಿಯನ್ ರೀಫಿನ ತಳದಲ್ಲಿ ಬಂಡೆಯ ಬಿಸಿ 65 ಡಿಗ್ರಿ ದಾಟುತ್ತಿತ್ತು, ನಮ್ಮ ಮೊಬೈಲು ಅಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಆದರೆ ಬಂಗಾರಪೇಟೆಯ ಒಂದು ಹೈಸ್ಕೂಲಿನ ಮಕ್ಕಳು ಒಂದು ರಾತ್ರಿ ಮೂವತ್ತು ಮೊಬೈಲಿಗೆ ಟೇಪು ಹಚ್ಚಿಟ್ಟು ಬೆಳಿಗ್ಗೆ ಚುಕ್ಕಿ ಎಣಿಸಿದರೆ, ಹತ್ತು ಹದಿನೈದು ಕಿಲೋಮೀಟರ್ ಆಚೆ ಏನು ನಡೆದಿತ್ತು ಅಂತ ಅವರಿಗೆ ಪಾಠ ಹೇಳಬೇಕಾಗಿಯೇ ಇಲ್ಲ.

ಇನ್ನು ಅಲುಗಾಟದ ವಿಷಯ. ಇದು ನನಗೆ ಇನ್ನೂ ಹತ್ತಿರದ್ದು.

ಅಷ್ಟು ಆಳದಲ್ಲಿ ಚಿನ್ನದ ಪದರವನ್ನು ಕೊರೆದು ತೆಗೆದರೆ ಅದು ಹೊರುತ್ತಿದ್ದ ಭಾರ ಅಕ್ಕಪಕ್ಕದ ಬಂಡೆಯ ಮೇಲೆ ಬೀಳುತ್ತದೆ. ತಡೆದುಕೊಳ್ಳುವಷ್ಟು ತಡೆದುಕೊಂಡು ಬಂಡೆ ಒಮ್ಮೆಲೇ ಸಿಡಿಯುತ್ತದೆ. ಇಂಗ್ಲಿಷಿನಲ್ಲಿ ರಾಕ್ ಬರ್ಸ್ಟ್ ಅಂತಾರೆ, ಕೆಜಿಎಫ್‌ನಲ್ಲಿ ಹಿಂದಿನಿಂದಲೂ ಏರ್ ಬ್ಲಾಸ್ಟ್. ಕೆಳಗೆ ಮನುಷ್ಯರು ಸಾಯುತ್ತಿದ್ದರು, ಮೇಲೆ ಮನೆಗಳ ಗೋಡೆ ಬಿರುಕು ಬಿಡುತ್ತಿತ್ತು. ಅದಕ್ಕೇ 20ನೇ ಶತಮಾನದ ಆರಂಭದಲ್ಲೇ ಇಲ್ಲಿ ಕಂಪನಮಾಪಕವನ್ನು ತಂದಿಟ್ಟಿದ್ದರು. ಆದರೆ ಒಂದೇ ಯಂತ್ರ ನೆಲ ಅಲುಗಿತು ಅನ್ನುತ್ತದೆಯೇ ಹೊರತು ಎಲ್ಲಿ ಅನ್ನುವುದನ್ನು ಸರಿಯಾಗಿ ಹೇಳಲಾರದು. 1970ರ ದಶಕದ ಕೊನೆಗೆ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಜಿಯೋಫೋನುಗಳ ಜಾಲ ಬಂದ ಮೇಲೆ ಅದು ಸಾಧ್ಯವಾಯಿತು. ಒಂದೇ ಸಿಡಿತದ ಅಲೆ ಬೇರೆಬೇರೆ ಜಾಗಕ್ಕೆ ಬೇರೆಬೇರೆ ಗಳಿಗೆಗೆ ತಲುಪುತ್ತದೆ. ಎಲ್ಲ ಯಂತ್ರಕ್ಕೂ ಒಂದೇ ಗಡಿಯಾರ ಇದ್ದರೆ ಆ ವ್ಯತ್ಯಾಸದಿಂದ ಸಿಡಿದ ಜಾಗ ಲೆಕ್ಕ ಹಾಕಬಹುದು. ಈ ಕೇಂದ್ರಕ್ಕೆ ಇದು ಹೊಸದೇನಲ್ಲ, ಆಗಿನ ಕೋಲಾರ ಜಿಲ್ಲೆಯ ಗೌರಿಬಿದನೂರಿನಲ್ಲಿ 60ರ ದಶಕದಿಂದಲೇ ಇಪ್ಪತ್ತು ಕಂಪನಮಾಪಕಗಳನ್ನು ಎರಡು ಸಾಲಾಗಿ ಹೂಡಿ ದೂರದೇಶದ ಅಣುಬಾಂಬ್ ಪರೀಕ್ಷೆಗಳನ್ನು ಅದು ಕೇಳಿಸಿಕೊಳ್ಳುತ್ತಿತ್ತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ ಶುರುವಾಗಿದ್ದೂ ಕೆಜಿಎಫ್‌ನಲ್ಲೇ.

ಜಿಯೋಫೋನಿನಲ್ಲಿ ಇರೋದು ಒಂದು ಅಯಸ್ಕಾಂತ, ಸ್ಪ್ರಿಂಗಿಗೆ ತೂಗುಹಾಕಿದ ಒಂದು ತಂತಿಸುರುಳಿ. ಮೊಬೈಲಿನ ಆಕ್ಸೆಲೆರೋಮೀಟರಿನಲ್ಲಿ ಅದೇ ಸಂಸಾರ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಸಿಲಿಕಾನಿನ ಒಂದು ತುಣುಕು ಸಿಲಿಕಾನಿನ ಸ್ಪ್ರಿಂಗಿನ ಮೇಲೆ ತೂಗಾಡುತ್ತಿರುತ್ತದೆ. ಪರದೆಯನ್ನು ಅಡ್ಡ ತಿರುಗಿಸಲಿಕ್ಕೆ ಅಂತ ಹಾಕಿದ್ದು. ಅದನ್ನು ಬೇರೆಯದಕ್ಕೆ ಬಳಸಬಹುದು ಅಂತ ಮೊದಮೊದಲು ಯೋಚಿಸಿದವರಲ್ಲಿ ಬೆಂಗಳೂರಿನವರೂ ಇದ್ದಾರೆ. 2008ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಮೋಹನ್, ಪದ್ಮನಾಭನ್, ರಾಮ್‌ಜೀ ಎಂಬ ಮೂವರು ನೆರಿಸೆಲ್ ಎಂಬ ವ್ಯವಸ್ಥೆ ಮಾಡಿದರು. ಬೆಂಗಳೂರಿನ ರಸ್ತೆಯಲ್ಲಿ ಗಾಡಿ ಓಡುವಾಗ ಅಲುಗಾಟದಿಂದ ಗುಂಡಿ, ಹಂಪು, ಬ್ರೇಕು ಗುರುತಿಸುವುದು, ಮೈಕಿನಿಂದ ಹಾರ್ನು ಗುರುತಿಸುವುದು. ಹಾರ್ನಿನಿಂದ ಟ್ರಾಫಿಕ್ ಅಳೆಯುವ ಯೋಚನೆ ನಮ್ಮ ಊರಲ್ಲದೆ ಇನ್ನೆಲ್ಲಿ ಹುಟ್ಟೀತು! ಜೇಬಿನಲ್ಲಿ ಮೊಬೈಲು ಹೇಗೆ ಸೊಟ್ಟಗಿದ್ದರೂ ಭೂಮಿಯ ಸೆಳೆತ ಮತ್ತು ಬ್ರೇಕಿನ ಜಗ್ಗು ಎರಡನ್ನೂ ನೋಡಿ ಯಾವುದು ಕೆಳಗೆ, ಯಾವುದು ಮುಂದೆ ಅಂತ ಅದೇ ಕಂಡುಕೊಳ್ಳುತ್ತಿತ್ತು.

2016ರಲ್ಲಿ ಬರ್ಕ್ಲಿಯವರು ಮೈಶೇಕ್ ಬಿಟ್ಟರು. ಮೊಬೈಲು ಅಲುಗಿದ್ದು ಮನುಷ್ಯ ನಡೆದದ್ದಕ್ಕೋ ಭೂಮಿ ನಡುಗಿದ್ದಕ್ಕೋ ಅಂತ ಅದು ವಿಂಗಡಿಸುತ್ತದೆ. ಗೂಗಲ್ ಆಂಡ್ರಾಯ್ಡ್ ಮೊಬೈಲುಗಳಿಗೇ ಇಂಥದ್ದನ್ನು ಹಾಕಿತು, 2023ರ ಸೆಪ್ಟೆಂಬರಿನಲ್ಲಿ ಭಾರತಕ್ಕೂ ತಂತು. ಆದರೆ ಇವೆಲ್ಲ ದೊಡ್ಡ ಭೂಕಂಪಕ್ಕೆ. ಮೈಶೇಕಿನವರು ಆಗ ಹೇಳಿದ್ದು ಹತ್ತು ಕಿಲೋಮೀಟರಿನೊಳಗೆ 5ರ ತೀವ್ರತೆಯ ಕಂಪನವಾದರೆ ತಿಳಿಯುತ್ತದೆ ಅಂತ. ಕೆಜಿಎಫ್‌ನ ಅಲುಗಾಟ ಸಾಮಾನ್ಯವಾಗಿ ಅದಕ್ಕಿಂತ ಬಹಳ ಸಣ್ಣದು, ಆದರೆ ಕಾಲ ಕೆಳಗೇ ಆಗುವಂಥದ್ದು. ಅದಕ್ಕೆ ಬೇರೆ ಆ್ಯಪ್ ಬೇಕು.

ಬೇಕು ಅಂತ ಯಾಕೆ ಹೇಳ್ತೀನಿ ಅಂದರೆ, 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಪಂಪು ನಿಂತಿತು, ಸುರಂಗಗಳಲ್ಲಿ ನೀರು ಏರಿತು. ಮೂರು ಕಿಲೋಮೀಟರ್ ಆಳದ ಟೊಳ್ಳು ಮಾತ್ರ ಎಲ್ಲೂ ಹೋಗಿಲ್ಲ, ಅದರ ಮೇಲೆ ಜನ ಮಲಗುತ್ತಾರೆ. ಕೆಲಸ ಹೋದ ಮನೆಗಳ ಮಕ್ಕಳು ಬೆಳಗಿನ ಕತ್ತಲಲ್ಲೇ ಎದ್ದು ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. 1894ರಲ್ಲಿ ಗಣಿಗೋಸ್ಕರ ಹಾಕಿದ ಹಳಿ ಇದು. ಆ ರೈಲಿನಲ್ಲಿ ನಿಂತು ನೋಡಿ, ಜೇಬಿಗೊಂದು ಮೊಬೈಲು. ನಾನೊಮ್ಮೆ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಆ್ಯಪನ್ನು ಅಲ್ಲಿ ತೆರೆದೆ. ರೈಲು ಓಡುವಷ್ಟು ಹೊತ್ತೂ ಗೆರೆ ಹುಚ್ಚು ಕುಣಿತ, ಹಳಿಯ ಸದ್ದಲ್ಲದೆ ಬೇರೇನೂ ಸಿಕ್ಕುವ ಹಾಗಿಲ್ಲ. ರಾತ್ರಿ ಹಾಗಲ್ಲ. ಅದೇ ಮೊಬೈಲುಗಳು ಹನ್ನೊಂದರಿಂದ ನಾಲ್ಕರವರೆಗೆ ಚಾರ್ಜಿಗೆ ಹಾಕಿ ಅಲ್ಲಾಡದೆ ಬಿದ್ದಿರುತ್ತವೆ, ರಾಬರ್ಟ್‌ಸನ್‌ಪೇಟೆಯಲ್ಲಿ, ಆಂಡರ್ಸನ್‌ಪೇಟೆಯಲ್ಲಿ, ಹಳೆಯ ಗಣಿ ಲೈನುಗಳ ಮನೆಗಳಲ್ಲಿ. ಹಿಂದೆ ಜಿಯೋಫೋನುಗಳನ್ನು ಹೂಡಿದ್ದ ಜಾಲದಂತೆಯೇ, ಸಮಯಕ್ಕೆ ಜಿಪಿಎಸ್ ಗಡಿಯಾರ ಸಮೇತ.

ಆ್ಯಪ್ ಮಾಡುವ ಹುಡುಗರು ಯಾರಾದರೂ ಓದುತ್ತಿದ್ದರೆ ನನ್ನ ಬೇಡಿಕೆ ಇಷ್ಟು. ಮೊಬೈಲು ಚಾರ್ಜಿನಲ್ಲಿದ್ದು ಅಲುಗದೆ ಇದ್ದಾಗ ಮಾತ್ರ ಕೇಳಿಸಿಕೊಳ್ಳಲಿ. ಒಂದು ಮೊಬೈಲಿನ ಮಾತು ನಂಬಬೇಡಿ, ಮಂಚದಿಂದ ಬೆಕ್ಕು ಹಾರಿರಬಹುದು. ಬೇರೆಬೇರೆ ಬೀದಿಯ ಮೂರು ನಾಲ್ಕು ಒಟ್ಟಿಗೆ ಹೇಳಿದರೆ ಲೆಕ್ಕಕ್ಕೆ ತಗೊಳ್ಳಿ. ಮನೆಯ ವಿಳಾಸ ಬೇಡ, ಬೀದಿ ತಿಳಿದರೆ ಸಾಕು. ಆ ಊರಲ್ಲಿ ಏರ್ ಬ್ಲಾಸ್ಟ್ ಕೇಳಿ ಕೇಳಿ ಕಿವಿ ಪಳಗಿದ ಹಳೆಯ ಗಣಿ ಕೆಲಸಗಾರರು ಇನ್ನೂ ಇದ್ದಾರೆ, ವಯಸ್ಸಾಗುತ್ತಿದೆ, ಟೈಪು ಮಾಡುವವರಲ್ಲ. ಅವರಿಗೆ ಅಲುಗಿದ ಮರುಬೆಳಿಗ್ಗೆ ಒಂದೇ ಒಂದು ಪ್ರಶ್ನೆ, ಬರಹದಲ್ಲಿ ಬೇಡ, ದನಿಯಲ್ಲಿ, ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡ, ತೆಲುಗಿನಲ್ಲಿ: ಸದ್ದು ಕೆಳಗಿಂದ ಬಂತಾ, ಪಕ್ಕದಿಂದ ಬಂತಾ?