ಮೂರನೇ ಕೈ: ಕೋಟೆಯಿಂದ ರೋಬಾಟ್‌ವರೆಗೆ ಮೂಗಿನ ಆಪರೇಷನ್ ಕಥೆ

ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್‌ನಿಂದ ಹೊರಗೆ ಬಂದ್ರೆ ಹಳೇ ಕೋಟೆಯ ಅಳಿದುಳಿದ ಗೋಡೆ ಕಾಣುತ್ತೆ. ಅದರ ಹತ್ತಿರದಲ್ಲೇ ವಿಕ್ಟೋರಿಯಾ ಆಸ್ಪತ್ರೆ. ಇವತ್ತಿನ ಕಥೆಗೆ ಇವೆರಡೂ ಬೇಕು.

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಈ ಕೋಟೆ ಹಿಡಿದು, ಆಮೇಲೆ ಶ್ರೀರಂಗಪಟ್ಟಣದ ಕಡೆ ಹೊರಟಿತು. ಅದೇ ಯುದ್ಧದಲ್ಲಿ ಬ್ರಿಟಿಷರ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಅನ್ನೋನು ಟಿಪ್ಪು ಸೈನ್ಯಕ್ಕೆ ಸೆರೆಸಿಕ್ಕಿ ಮೂಗು, ಒಂದು ಕೈ ಕಳೆದುಕೊಂಡ ಅಂತ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರ್‌ನಲ್ಲಿ ಬರೆಯಿತು. ಪುಣೆ ಹತ್ತಿರ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದ ಅಚ್ಚು ಮಾಡಿ, ಅದರ ಅಳತೆಗೆ ಹಣೆಯ ಚರ್ಮ ಬಿಡಿಸಿ, ಕೆಳಕ್ಕೆ ತಿರುಗಿಸಿ ಕೂರಿಸಿದ. ಲೇಖನದಲ್ಲಿ ರೋಗಿಯ ಹೆಸರಿದೆ. ಆಪರೇಷನ್ ಮಾಡಿದವನ ಹೆಸರಿಲ್ಲ! ಅದನ್ನು ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಶವಗಳ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿ, 1814ರಲ್ಲಿ ತಾನೂ ಮಾಡಿ ತೋರಿಸಿದ.

ಅಲ್ಲಿಂದ ಮುಂದಿನ ಹೆಜ್ಜೆ ಮೂಗಿನ ಒಳಕ್ಕೆ. ಮಿದುಳಿನ ತಳದಲ್ಲಿ ಪಿಟ್ಯುಟರಿ ಗ್ರಂಥಿ ಇದೆ. ಬಸವನಗುಡಿ ಪರಿಷೆಯ ಕಡಲೆಕಾಯಿ ಒಡೆದ್ರೆ ಸಿಗುವ ಬೀಜದಷ್ಟೇ ಗಾತ್ರ. ಅದರಲ್ಲಿ ಗೆಡ್ಡೆ ಬೆಳೆದ್ರೆ ದೃಷ್ಟಿಯೇ ಹೋಗಬಹುದು. 1907ರಲ್ಲಿ ಆಸ್ಟ್ರಿಯಾದ ಹೆರ್ಮನ್ ಶ್ಲೋಫರ್ ತಲೆಬುರುಡೆ ತೆರೆಯದೆ ಮೂಗಿನ ದಾರಿಯಲ್ಲೇ ಅಲ್ಲಿಗೆ ತಲುಪಿದ. ಆದ್ರೆ ಆ ಕತ್ತಲಲ್ಲಿ ಕಾಣಬೇಕಲ್ಲ? ಹೆರಾಲ್ಡ್ ಹಾಪ್‌ಕಿನ್ಸ್ ಗಾಜಿನ ಕಡ್ಡಿಗಳಿಂದ ರೂಪಿಸಿದ ಲೆನ್ಸ್ ಬಂದ ಮೇಲೆ, ಸುಮಾರು 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್ ಮೂಗಿನ ಒಳಗನ್ನು ಸ್ಪಷ್ಟವಾಗಿ ತೋರಿಸಿತು.

ಈಗ ಹೊಸ ತೊಂದರೆ. ಒಂದು ಕೈ ಎಂಡೋಸ್ಕೋಪ್ ಹಿಡಿದ್ರೆ, ಕೆಲಸಕ್ಕೆ ಉಳಿಯೋದು ಒಂದೇ ಕೈ. ಪಕ್ಕದಲ್ಲೇ ಕಣ್ಣಿನ ನರ, ಮಿದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳ. ಹಾಗಾಗಿ ಇನ್ನೊಬ್ಬ ಡಾಕ್ಟರ್ ಎಂಡೋಸ್ಕೋಪ್ ಹಿಡೀತಾರೆ. ಗಂಟೆಗಟ್ಟಲೆ ಹಿಡಿದ್ರೆ ಅವರ ಕೈಯೂ ನಡುಗುತ್ತೆ.

ರೋಬಾಟ್ ಬರೋದು ಇಲ್ಲಿ. 2000ದಲ್ಲಿ ಅಮೆರಿಕದ ಒಪ್ಪಿಗೆ ಪಡೆದ ‘ಡಾ ವಿಂಚಿ’ಯ ಉಪಕರಣಗಳು ಮೂಗಿನ ಹೊಳ್ಳೆಗೆ ತೀರಾ ದಪ್ಪ. ಅದಕ್ಕೇ ಇಲ್ಲಿ ಹೆಚ್ಚು ಹೊಂದುವುದು ಎಂಡೋಸ್ಕೋಪನ್ನು ಮಾತ್ರ ಹಿಡಿದು ನಿಲ್ಲುವ ರೋಬಾಟಿಕ್ ತೋಳು. ಡಾಕ್ಟರ್ ಕಾಲಿನ ಪೆಡಲ್ ಒತ್ತಿ ಅದನ್ನು ಸರಿಸಬಹುದು. ದಣಿವಿಲ್ಲ, ನಡುಕವಿಲ್ಲ. ಕತ್ತರಿಸೋದು ಮಾತ್ರ ಈಗಲೂ ಮನುಷ್ಯನ ಕೈಯೇ.

ಹಾಗಾದ್ರೆ ಬರೀ ಲಾಭವೇ? ಅಷ್ಟು ಸುಲಭ ಅಲ್ಲ. ಎಂಡೋಸ್ಕೋಪ್ ತುಸು ಹಿಂದೆ ಮುಂದೆ ಆಡಿದಾಗಲೇ ಪರದೆ ಮೇಲೆ ಆಳ ಎಷ್ಟು ಅನ್ನೋದು ತಿಳಿಯೋದು. ಲೆನ್ಸ್‌ಗೆ ರಕ್ತ ಮೆತ್ತಿದ್ರೆ ತಕ್ಷಣ ಒರೆಸಬೇಕು. ಜೊತೆಗೆ, ಎಷ್ಟೋ ಕಿರಿಯ ಡಾಕ್ಟರ್‌ಗಳು ಈ ದಾರಿ ಕಲಿಯೋದೇ ಎಂಡೋಸ್ಕೋಪ್ ಹಿಡಿದು ನಿಂತು.

1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾದಲ್ಲಿ, 1955ರಲ್ಲಿ ಮೆಡಿಕಲ್ ಕಾಲೇಜು ಶುರುವಾದಾಗಿನಿಂದ ಎಷ್ಟೋ ಬ್ಯಾಚ್‌ಗಳು ಹಿರಿಯರ ಪಕ್ಕ ನಿಂತೇ ಕಲಿತಿವೆ. ಪುಣೆಯ ಆ ಹೆಸರಿಲ್ಲದವನೂ ಯಾರದೋ ಕೈ ನೋಡಿಯೇ ಕಲಿತಿರಬೇಕು. ರೋಬಾಟ್ ಬರಲಿ, ರೋಗಿಗೆ ಒಳ್ಳೇದಾಗುತ್ತೆ ಅಂದ್ರೆ ಬರಲೇಬೇಕು. ಆದ್ರೆ ಆ ಮೂರನೇ ಕೈ ಮಷೀನಿನದ್ದಾದಾಗ, ಪಕ್ಕದಲ್ಲಿ ನಿಂತು ಕಲಿಯುವವರಿಗೂ ಒಂದು ಜಾಗ ಉಳಿಸಬೇಕು. ಮುಂದಿನ ವಾರ ಸಿಗೋಣ.